ಬಟ್ಟಲಲ್ಲಿ ಬಡಿಸಿದ ಊಟ, ಹುಡುಕಿ ತಿಂದ ಊಟ: ಸಾಕುನಾಯಿಯ ಆಟದ ಕುರಿತು

ದಾವಣಗೆರೆಯಲ್ಲಿ ನಾಯಿ ಸಾಕಿದ ಕುಟುಂಬಗಳ ಮುಂದೆ ಪಶುವೈದ್ಯನಾಗಿ ನಾನು ಆಡಿದ ಮಾತುಗಳನ್ನು, ಅಲ್ಲಿ ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿಕೊಂಡು, ಇಲ್ಲಿ ಬರೆದಿದ್ದೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾನಗರದ ಕಡೆಯ ಮನೆಯವರು ತಮ್ಮ ಎರಡು ವರ್ಷದ ಲ್ಯಾಬ್ರಡಾರ್ ಗಂಡು ನಾಯಿಯನ್ನು ನನ್ನ ಬಳಿ ತಂದರು. ಅದು ತನ್ನ ಎಡ ಮುಂಗಾಲನ್ನು ಒಂದೇ ಜಾಗದಲ್ಲಿ ನೆಕ್ಕಿ ನೆಕ್ಕಿ, ಕೂದಲು ಉದುರಿ, ಚರ್ಮ ದಪ್ಪಗಟ್ಟಿ, ರೂಪಾಯಿಯಗಲದ ಹುಣ್ಣು ಮಾಡಿಕೊಂಡಿತ್ತು. ಉಣ್ಣಿಯಿಲ್ಲ, ಹುಳುಕಡ್ಡಿಯಿಲ್ಲ, ಮುಳ್ಳು ಚುಚ್ಚಿರಲಿಲ್ಲ, ಕೀಲಿನಲ್ಲಿ ನೋವಿರಲಿಲ್ಲ. ಹುಣ್ಣಿಗೆ ಔಷಧಿ ಕೊಟ್ಟಾಗ ಮಾಯುತ್ತಿತ್ತು, ನಿಲ್ಲಿಸಿದ ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಏಳುತ್ತಿತ್ತು. ಮೂರನೆಯ ಸಲ ಬಂದಾಗ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ: ಇವನು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾನೆ? ಮನೆಯ ಯಜಮಾನರು ಬೆಳಿಗ್ಗೆ ಎರಡು ಕಿಲೋಮೀಟರು, ಸಂಜೆ ಎರಡು ಕಿಲೋಮೀಟರು ನಡೆಸುವುದನ್ನು ಹೇಳಿದರು, ತಿನ್ನಿಸುವ ಆಹಾರದ ಹೆಸರು ಹೇಳಿದರು. ಹಿಂದೆ ಬೆಂಚಿನ ಮೇಲೆ ಕುಳಿತಿದ್ದ ಅವರ ತಾಯಿ ಮಾತ್ರ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟರು. "ಏನ್ ಮಾಡ್ತಾನಪ್ಪ, ಗೇಟ್ ನೋಡ್ಕಂತ ಮಲ್ಕಂಡಿರ್ತಾನೆ" ಎಂದರು.

ಆ ಅಮ್ಮನ ಮಾತಿನಲ್ಲಿ ರೋಗದ ಮೂಲವಿತ್ತು. ನಡಿಗೆಗೆ ಒಂದು ಗಂಟೆ, ಊಟಕ್ಕೆ ಎರಡು ನಿಮಿಷ, ಇನ್ನುಳಿದ ಹಗಲೆಲ್ಲ ಗೇಟು. ಕೆಲಸವಿಲ್ಲದ ಬಡಗಿ ಏನು ಮಾಡಿದನೆಂಬ ಗಾದೆಯನ್ನು ಪೂರ್ತಿ ಹೇಳಬೇಕಾಗಿಲ್ಲ. ಕೆಲಸವಿಲ್ಲದ ನಾಯಿಯೂ ಸಿಕ್ಕಿದ್ದನ್ನು ಕೆತ್ತುತ್ತದೆ. ಒಂದು ನಾಯಿ ಸೋಫಾ ಕಡಿಯುತ್ತದೆ, ಇನ್ನೊಂದು ಹೂಕುಂಡದ ಮಣ್ಣು ಕೆದಕುತ್ತದೆ, ಮತ್ತೊಂದು ಬೀದಿಯಲ್ಲಿ ಹೋಗುವ ಪ್ರತಿ ಸೈಕಲ್ಲಿಗೂ ಬೊಗಳುತ್ತದೆ, ಬಾಯಿಗೆ ಏನೂ ಸಿಗದ ನಾಯಿ ತನ್ನ ಕಾಲನ್ನೇ ನೆಕ್ಕುತ್ತದೆ. ಇದನ್ನೆಲ್ಲ ನಾವು ತುಂಟತನ ಎನ್ನುತ್ತೇವೆ, ಕೆಲವೊಮ್ಮೆ ಹೊಡೆಯುತ್ತೇವೆ. ನೆಕ್ಕುವ ಹುಣ್ಣಿಗೆ ಬೇರೆ ಕಾರಣಗಳೂ ಇರುವುದರಿಂದ ಮೊದಲು ವೈದ್ಯರಿಗೆ ತೋರಿಸಲೇಬೇಕು ಎಂಬ ಎಚ್ಚರಿಕೆಯೊಂದಿಗೆ ಹೇಳುತ್ತೇನೆ: ನನ್ನ ಬಳಿ "ಕೆಟ್ಟ ನಾಯಿ" ಎಂಬ ದೂರಿನೊಂದಿಗೆ ಬಂದ ನಾಯಿಗಳಲ್ಲಿ ಬಹುಪಾಲು, ದಿನವಿಡೀ ಮಾಡಲು ಏನೂ ಇಲ್ಲದ ನಾಯಿಗಳಾಗಿದ್ದವು.

ನಾಯಿಗೆ ಕೆಲಸವೆಂದರೆ ಏನು ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಚಳ್ಳಕೆರೆ, ಹಿರಿಯೂರಿನ ಕಡೆ ಕುರಿ ಮಂದೆಯ ಜೊತೆ ನಡೆಯುವ ನಾಯಿಯನ್ನು ಒಂದು ದಿನ ನೋಡಿ. ಮಂದೆ ಹೊರಟಾಗ ಏಳುತ್ತದೆ, ಗಾಳಿ ಬಂದ ದಿಕ್ಕಿಗೆ ಮೂಗೆತ್ತುತ್ತದೆ, ಹಿಂದುಳಿದ ಮರಿಯ ಬಳಿ ನಿಲ್ಲುತ್ತದೆ, ಬೇಲಿಯ ಸಂದಿಯಲ್ಲಿ ಏನು ಹಾದುಹೋಯಿತೆಂದು ಮೂಸುತ್ತದೆ, ರಾತ್ರಿ ಹಟ್ಟಿಯ ಸುತ್ತ ಕಿವಿಗೊಟ್ಟು ಮಲಗುತ್ತದೆ. ಅದು ದಿನಕ್ಕೆ ನೂರು ಸಣ್ಣ ಸಣ್ಣ ತೀರ್ಮಾನಗಳನ್ನು ತಾನೇ ತೆಗೆದುಕೊಳ್ಳುತ್ತದೆ. ಮಂಡಿಪೇಟೆಯ ಬೀದಿನಾಯಿ ಕೂಡ ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ಎದ್ದು, ಯಾವ ಮೂಲೆಯಲ್ಲಿ ಏನು ಬಿದ್ದಿದೆ, ಯಾರು ಓಡಿಸುತ್ತಾರೆ, ಯಾರು ರೊಟ್ಟಿ ಹಾಕುತ್ತಾರೆ ಎಂದು ಲೆಕ್ಕ ಹಾಕುತ್ತಾ ಸಾಗುತ್ತದೆ. ಬೀದಿನಾಯಿಯ ಬದುಕು ಸುಖದ್ದೆಂದು ನಾನು ಹೇಳುವುದಿಲ್ಲ. ಹಸಿವು, ಅಪಘಾತ, ರೋಗ ಮೂರನ್ನೂ ನಾನು ದಿನವೂ ನೋಡುತ್ತೇನೆ. ಆದರೆ ಹೊಟ್ಟೆ, ನೆರಳು, ಲಸಿಕೆ ಎಲ್ಲವನ್ನೂ ಕೊಟ್ಟು ನಾವು ಮನೆಯ ನಾಯಿಯಿಂದ ಒಂದನ್ನು ಕಿತ್ತುಕೊಂಡಿದ್ದೇವೆ. ಅದು ಹುಡುಕುವ ಕೆಲಸ. ಆಟವೆಂದರೆ ಆ ಕೆಲಸವನ್ನು ಅದಕ್ಕೆ ಹಿಂದಿರುಗಿಸುವ ದಾರಿ, ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ.

ಹುಡುಕುವುದೆಂದರೆ ನಾಯಿಯ ಮಟ್ಟಿಗೆ ಮೂಗಿನಿಂದ ಹುಡುಕುವುದು. ನಮ್ಮ ಮೂಗಿನೊಳಗೆ ವಾಸನೆ ಗುರುತಿಸುವ ಜೀವಕೋಶಗಳು ಸುಮಾರು 50ರಿಂದ 60 ಲಕ್ಷದಷ್ಟಿದ್ದರೆ, ನಾಯಿಯಲ್ಲಿ ತಳಿಗೆ ತಕ್ಕಂತೆ 20 ಕೋಟಿಗೂ ಮೀರಿ ಇರುತ್ತವೆ. ಮೂಸುವಾಗ ಅದು ಸೆಕೆಂಡಿಗೆ ಸುಮಾರು 5 ಬಾರಿ ಗಾಳಿಯನ್ನು ಎಳೆದು ಬಿಡುತ್ತದೆ. ಬಿಡುವ ಗಾಳಿ ಮೂಗಿನ ಹೊಳ್ಳೆಯ ಪಕ್ಕದ ಸೀಳಿನಿಂದ ಬದಿಗೆ ಹೋಗುವುದರಿಂದ ಎದುರಿನ ವಾಸನೆ ಚದುರುವುದಿಲ್ಲ. ಬಾಯಿಯ ಮೇಲ್ಭಾಗದಲ್ಲಿ ಇನ್ನೊಂದು ಪ್ರತ್ಯೇಕ ಅಂಗವಿದ್ದು, ಇತರ ನಾಯಿಗಳು ಬಿಟ್ಟುಹೋದ ಸೂಚನೆಗಳನ್ನು ಅದು ಓದುತ್ತದೆ. ಇಂಥ ಮೂಗನ್ನು ಹೊತ್ತ ಪ್ರಾಣಿಯನ್ನು ಬೆಳಗಿನ ನಡಿಗೆಗೆ ಕರೆದೊಯ್ದು, ಪ್ರತಿ ಕಂಬದ ಬಳಿ ಹಗ್ಗ ಜಗ್ಗಿ "ನಡಿ, ನಡಿ" ಎನ್ನುವುದು, ಓದುತ್ತಿರುವವರ ಕೈಯಿಂದ ಪತ್ರಿಕೆ ಕಸಿದುಕೊಂಡಂತೆ. ಕುಂದವಾಡ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಾಯಿಗಳೊಂದಿಗೆ ಬರುವವರನ್ನು ನೋಡಿದ್ದೇನೆ. ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ನಾಯಿಯನ್ನು ಎಳೆದುಕೊಂಡು ನಡೆಯುತ್ತಾರೆ. ಆ ನಡಿಗೆ ಅವರದು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷವನ್ನಾದರೂ ನಾಯಿಗೆ ಬಿಟ್ಟುಕೊಡಿ, ಹಗ್ಗ ಸಡಿಲ ಬಿಟ್ಟು ಅದು ನಿಂತಲ್ಲಿ ನಿಲ್ಲಿ, ಅದು ತಿರುಗಿದ ಕಡೆ ತಿರುಗಿ.

ಮೂಗಿನ ಕೆಲಸ ನಾಯಿಯ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿದವರಿದ್ದಾರೆ. ಷಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಕುನಾಯಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ವಾಸನೆ ಹಿಡಿದು ಹುಡುಕುವ ಅಭ್ಯಾಸವನ್ನೂ, ಇನ್ನೊಂದಕ್ಕೆ ಮಾಲೀಕರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸವನ್ನೂ ಮಾಡಿಸಿದರು. ಕೋಣೆಯ ಒಂದು ಬದಿಗೆ ಬಟ್ಟಲಿಟ್ಟರೆ ತಿಂಡಿ ಇರುತ್ತದೆ, ಇನ್ನೊಂದು ಬದಿಗೆ ಇಟ್ಟರೆ ಖಾಲಿ ಎಂದು ನಾಯಿಗಳಿಗೆ ಮೊದಲು ಕಲಿಸಿ, ಆಮೇಲೆ ಬಟ್ಟಲನ್ನು ನಟ್ಟನಡುವೆ ಇಟ್ಟರು. ಅಲ್ಲಿ ತಿಂಡಿ ಇದೆಯೋ ಇಲ್ಲವೋ ನಾಯಿಗೆ ಗೊತ್ತಿಲ್ಲ. ಎರಡು ವಾರದ ಅಭ್ಯಾಸದ ನಂತರ, ಹುಡುಕುವ ಆಟ ಆಡಿದ ನಾಯಿಗಳು ಆ ನಡುವಿನ ಬಟ್ಟಲಿನ ಕಡೆಗೆ ಮೊದಲಿಗಿಂತ ಬೇಗ ನಡೆದವು, ಪಕ್ಕದಲ್ಲಿ ನಡೆಯಲು ಕಲಿತ ನಾಯಿಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ತಿಳಿಯದ ಬಟ್ಟಲಿನಲ್ಲೂ ಏನೋ ಇರಬಹುದೆಂದು ನಂಬುವ ನಾಯಿಯನ್ನು ನಾನು ನೆಮ್ಮದಿಯ ನಾಯಿ ಎಂದು ಕರೆಯುತ್ತೇನೆ. ಎರಡೂ ಗುಂಪಿಗೆ ತಿಂಡಿ ಸಿಕ್ಕಿತ್ತು, ಮಾಲೀಕರ ಸಂಗವಿತ್ತು. ಆದರೆ ತಾನೇ ಯೋಚಿಸಿ, ತನ್ನ ಮೂಗನ್ನು ನಂಬಿ ಹೆಜ್ಜೆಯಿಡುವ ಅವಕಾಶ ಒಂದು ಗುಂಪಿಗಷ್ಟೇ ಇತ್ತು.

ಈಗ ಮನೆಯೊಳಗಿನ ವಿಷಯಕ್ಕೆ ಬರುತ್ತೇನೆ. ಆಟಿಕೆ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯ ಅಟ್ಟ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಕಡೆ ಪಡ್ಡಿನ ಹಂಚು ಇಲ್ಲದ ಮನೆ ಅಪರೂಪ, ಹೊಸ ನಾನ್‌ಸ್ಟಿಕ್ ಹಂಚು ಬಂದ ಮೇಲೆ ಹಳೆಯ ಬೀಡಿನ ಹಂಚು ಅಟ್ಟ ಸೇರಿರುತ್ತದೆ. ಅದನ್ನು ತೊಳೆದು ಒರೆಸಿ ನೆಲದ ಮೇಲಿಡಿ. ತೂಕವಿರುವುದರಿಂದ ನಾಯಿ ತಳ್ಳಿದರೂ ಜಾರುವುದಿಲ್ಲ. ನಾಲ್ಕೈದು ಗುಳಿಗಳಲ್ಲಿ ನಾಯಿಯ ಒಣ ಆಹಾರದ ಕಾಳನ್ನೋ ಜೋಳದ ರೊಟ್ಟಿಯ ಚೂರನ್ನೋ ಹಾಕಿ, ಮೇಲೆ ಟೆನಿಸ್ ಚೆಂಡುಗಳನ್ನು ಕೂರಿಸಿ. ಚೆಂಡು ಗುಳಿಗಿಂತ ಅಗಲವಾಗಿರುವುದರಿಂದ ಎಲ್ಲ ಗುಳಿಗಳ ಮೇಲೂ ಒಟ್ಟಿಗೆ ಕೂರುವುದಿಲ್ಲ, ಒಂದು ಬಿಟ್ಟು ಒಂದಕ್ಕೆ ಇಡಬೇಕು.

ಆ ಲ್ಯಾಬ್ರಡಾರ್ ಮನೆಯಲ್ಲಿ ಮೊದಲು ಮಾಡಿಸಿದ್ದು ಇದನ್ನೇ, ಮೊದಲ ದಿನ ನಾನೂ ಅಲ್ಲಿದ್ದೆ. ನಾಯಿ ಹಂಚಿನ ಅಂಚಿಗೆ ಕಾಲು ಹಾಕಿತು, ಒಂದು ಚೆಂಡು ಉರುಳಿ ಮಂಚದ ಕೆಳಗೆ ಹೋಯಿತು, ನಾಯಿ ಗುಳಿಯಲ್ಲಿದ್ದ ರೊಟ್ಟಿಯನ್ನು ಮರೆತು ಚೆಂಡಿನ ಹಿಂದೆ ಮಂಚದ ಕೆಳಗೆ ತೂರಿಕೊಂಡಿತು. ಹೊರಗೆ ಬಂದು ಅಮ್ಮನ ಮುಖ ನೋಡಿತು. ಅಮ್ಮ ಬಗ್ಗಿ ತೋರಿಸಲು ಹೊರಟಾಗ ನಾನು ತಡೆದೆ, ಏಕೆಂದರೆ ತೋರಿಸಿಕೊಟ್ಟರೆ ನಾಯಿ ಹಂಚನ್ನು ಬಿಟ್ಟು ನಮ್ಮ ಕೈಯನ್ನು ನೋಡಲು ಕಲಿಯುತ್ತದೆ. ಮೂರು ನಾಲ್ಕು ನಿಮಿಷ ಸುತ್ತು ಹೊಡೆದು, ಒಮ್ಮೆ ಬೊಗಳಿ, ಕೊನೆಗೆ ಮೂತಿಯಿಂದ ಒಂದು ಚೆಂಡನ್ನು ಪಕ್ಕಕ್ಕೆ ಸರಿಸಿ ಚೂರನ್ನು ತೆಗೆದುಕೊಂಡಿತು. ವಾರದ ನಂತರ ಹೋದಾಗ ಅದರ ರೀತಿಯೇ ಬದಲಾಗಿತ್ತು. ಚೆಂಡುಗಳನ್ನು ಮುಟ್ಟದೆ, ಅವುಗಳ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಮೂಗನ್ನು ಸಾಲಾಗಿ ಹಾಯಿಸುತ್ತಿತ್ತು. ಅದರ ಉಸಿರಿಗೆ ಚೆಂಡಿನ ಮೇಲಿನ ನವಿರು ಅಲುಗುವುದು ಕಾಣುತ್ತಿತ್ತು. ಖಾಲಿ ಗುಳಿಯ ಮೇಲಿದ್ದ ಚೆಂಡುಗಳನ್ನು ದಾಟಿ, ತಿಂಡಿಯಿರುವ ಗುಳಿಯ ಬಳಿ ತಡೆದು ನಿಂತು, ಆ ಒಂದು ಚೆಂಡನ್ನು ಮಾತ್ರ ಬಾಯಲ್ಲಿ ಎತ್ತಿ ಕೆಳಗಿಟ್ಟಿತು. ಹಂಚು ಖಾಲಿಯಾದ ಮೇಲೆ ಒಂದು ಉದ್ದನೆಯ ಉಸಿರು ಬಿಟ್ಟು ಅಲ್ಲೇ ಪಕ್ಕಕ್ಕೆ ಒರಗಿ ಮಲಗಿತು. ಅದು ಗೇಟು ನೋಡುತ್ತಾ ಮಲಗುವ ಮಲಗುವಿಕೆಯಲ್ಲ, ದಣಿದು ಮಲಗುವ ನಿದ್ದೆ. ಕಾಲಿನ ಹುಣ್ಣಿಗೆ ಔಷಧಿಯನ್ನೂ ಮುಂದುವರಿಸಿದ್ದೆವು, ಆಟಗಳನ್ನೂ ದಿನಕ್ಕೆರಡು ಬಾರಿ ಆಡಿಸಿದರು. ಔಷಧಿ ನಿಲ್ಲಿಸಿದ ಮೇಲೂ ಆ ಹುಣ್ಣು ಮರಳಿ ಬರಲಿಲ್ಲ.

ಇದಕ್ಕಾಗಿ ಹೆಚ್ಚಿನ ತಿಂಡಿ ಕೊಡಬೇಕೆಂದು ಯಾರೂ ತಿಳಿಯಬಾರದು. ದಿನದ ಆಹಾರದ ಪಾಲಿನಿಂದಲೇ ಒಂದು ಹಿಡಿ ತೆಗೆದಿಟ್ಟು ಅದನ್ನು ಆಟಕ್ಕೆ ಬಳಸಿ. ಬೇರೆ ತಿನಿಸು ಕೊಡುವುದಾದರೆ ಅದು ದಿನದ ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರದಿರಲಿ. ಸಕ್ಕರೆ ಬಿಸ್ಕತ್ತು ಬೇಡ. ಮಂಡಕ್ಕಿ ಕೊಡಬಹುದೇ ಎಂದು ಈ ಊರಿನಲ್ಲಿ ಪ್ರತಿಯೊಬ್ಬರೂ ಕೇಳುತ್ತಾರೆ. ಒಗ್ಗರಣೆ ಹಾಕದ, ಖಾರವಿಲ್ಲದ ಬರೀ ಮಂಡಕ್ಕಿಯನ್ನು ಅಪರೂಪಕ್ಕೆ ಒಂದು ಸಣ್ಣ ಮುಷ್ಟಿ ಹುಲ್ಲಿನ ಮೇಲೆ ಚೆಲ್ಲಿ ಹುಡುಕಿಸಬಹುದು, ಅದರಲ್ಲಿ ಉಪ್ಪಿರುವುದರಿಂದ ದಿನವೂ ಬೇಡ. ಆದರೆ ಅಂಗಡಿಯಿಂದ ತಂದ ಕಲಸಿದ ಮಂಡಕ್ಕಿಯನ್ನು ಎಂದಿಗೂ ಕೊಡಬಾರದು, ಏಕೆಂದರೆ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಗೆಯೇ ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೂ, ಚಾಕೊಲೇಟು ಹೃದಯ ಮತ್ತು ನರಗಳಿಗೂ ವಿಷ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿಯನ್ನು ಮಕ್ಕಳು ಪ್ರೀತಿಯಿಂದ ನಾಯಿಯ ಬಾಯಿಗೆ ಹಾಕುತ್ತಾರೆ, ಅವರಿಗೆ ಮೊದಲೇ ತಿಳಿಸಿ ಹೇಳಿ.

ಅನ್ನ ಮೊಸರು, ಅನ್ನ ಕೋಳಿ ತಿನ್ನುವ ನಾಯಿಗಳಿಗೆ ಕಾಳು ಚೆಲ್ಲುವ ಆಟ ಆಗುವುದಿಲ್ಲವಲ್ಲ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅಗಲವಾದ ತಟ್ಟೆಗೆ ತೆಳ್ಳಗೆ ಸವರಿ ಕೊಟ್ಟರೆ ನೆಕ್ಕಿ ಮುಗಿಸಲು ಹದಿನೈದು ನಿಮಿಷ ಹಿಡಿಯುತ್ತದೆ, ಒಳಗೆ ಟೊಳ್ಳಿರುವ ಗಟ್ಟಿ ರಬ್ಬರಿನ ಆಟಿಕೆಗೆ ತುಂಬಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಕೊಟ್ಟರೆ ಇನ್ನೂ ಹೆಚ್ಚು. ನೆಕ್ಕುವುದು ನಾಯಿಯನ್ನು ಶಾಂತಗೊಳಿಸುವುದರಿಂದ ದೀಪಾವಳಿಯ ಪಟಾಕಿಯ ಸಂಜೆಗಳಲ್ಲಿ, ಸದ್ದು ಶುರುವಾಗುವ ಮೊದಲೇ ಒಳಕೋಣೆಯಲ್ಲಿ ಇದನ್ನು ಕೊಡುವುದು ಒಳ್ಳೆಯದು. ಒಣ ಆಹಾರ ತಿನ್ನುವ ನಾಯಿಗೆ ಹಳೆಯ ಗೋಣಿಚೀಲ ಸಾಕು. ಅದನ್ನು ಹಾಸಿ, ಕಾಳು ಚೆಲ್ಲಿ, ಚಾಪೆಯಂತೆ ಸುತ್ತಿಟ್ಟರೆ ಮೂತಿಯಿಂದ ಬಿಚ್ಚಿಕೊಂಡು ತಿನ್ನುತ್ತದೆ. ನಾರು ಅಥವಾ ಬಟ್ಟೆ ನುಂಗುವ ಚಾಳಿಯಿರುವ ನಾಯಿಗೆ ಮಾತ್ರ ಇದು ಬೇಡ.

ಆಹಾರವೇ ಇಲ್ಲದ ಆಟಗಳಲ್ಲಿ ಕಣ್ಣಾಮುಚ್ಚಾಲೆಯನ್ನು ನಾನು ಮೊದಲ ಸ್ಥಾನಕ್ಕೆ ಇಡುತ್ತೇನೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಕಲಿಸಬೇಕಾಗಿಯೇ ಇಲ್ಲ. ಒಬ್ಬರು ನಾಯಿಯನ್ನು ಹಿಡಿದುಕೊಂಡಿರುತ್ತಾರೆ, ಇನ್ನೊಬ್ಬರು ಬಾಗಿಲ ಹಿಂದೆ ಅವಿತು ಒಮ್ಮೆ ಮಾತ್ರ ಹೆಸರು ಕೂಗುತ್ತಾರೆ. ನಾಯಿ ಮೊದಲು ಕಿವಿಯಿಂದ, ಆಮೇಲೆ ಮೂಗಿನಿಂದ ಹುಡುಕುತ್ತದೆ, ಸಿಕ್ಕಾಗ ಮಗು ಕುಣಿದು ಮೆಚ್ಚುವುದೇ ಅದರ ಬಹುಮಾನ. ಇದರಿಂದ ಇನ್ನೊಂದು ಲಾಭವಿದೆ: ಕರೆದರೆ ಬರಬೇಕೆಂಬುದನ್ನು ಗದರಿಕೆಯಿಲ್ಲದೆ ನಾಯಿ ಕಲಿಯುತ್ತದೆ. ಗೇಟು ತೆರೆದಿಟ್ಟಾಗ ಹೊರಗೆ ಓಡಿದ ನಾಯಿಯನ್ನು ಹಿಂದಕ್ಕೆ ತರುವುದು ಆ ಕಲಿಕೆಯೇ.

ಹೆಸರುಗಳನ್ನು ಕಲಿಸುವುದು ಅದಕ್ಕಿಂತ ಸ್ವಲ್ಪ ತಾಳ್ಮೆ ಬೇಡುವ ಆಟ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಜಾನ್ ಪಿಲ್ಲೆ ಎಂಬ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ ಮೂರು ವರ್ಷಗಳಲ್ಲಿ 1022 ಆಟಿಕೆಗಳ ಹೆಸರು ಕಲಿಸಿದರು, ಆ ಅಧ್ಯಯನ 2011ರಲ್ಲಿ ಅಚ್ಚಾಯಿತು. ನಮ್ಮ ನಾಯಿಗೆ ಸಾವಿರ ಬೇಕಾಗಿಲ್ಲ, ಮೂರು ಸಾಕು. "ಚೆಂಡು" ಎಂಬ ಒಂದೇ ಪದವನ್ನು, ಒಂದೇ ಚೆಂಡಿಗೆ, ಮನೆಯವರೆಲ್ಲ ಒಂದೇ ರೀತಿ ಹೇಳುತ್ತಾ ಒಂದು ವಾರ ಆಡಿ. ಒಬ್ಬರು ಚೆಂಡು, ಇನ್ನೊಬ್ಬರು ಬಾಲ್ ಎಂದರೆ ನಾಯಿಗೆ ಗೊಂದಲವಾಗುತ್ತದೆ. ಅದು ಗಟ್ಟಿಯಾದ ಮೇಲೆ "ಹಗ್ಗ" ಸೇರಿಸಿ, ಎರಡನ್ನೂ ಮುಂದಿಟ್ಟು ಒಂದನ್ನು ಕೇಳಿ. ನಾಯಿ ಎರಡರ ನಡುವೆ ನಿಂತು ತಲೆ ಓರೆ ಮಾಡಿ ಯೋಚಿಸುವ ಆ ಕ್ಷಣಕ್ಕಾಗಿಯೇ ನಾವು ಇದನ್ನೆಲ್ಲ ಮಾಡುತ್ತಿರುವುದು. ಚೆಂಡಿನ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ನಾಯಿಗೆ ನೀಲಿ ಮತ್ತು ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡುವುದು ಕಷ್ಟ ಎಂಬುದು 1989ರಷ್ಟು ಹಿಂದೆಯೇ ಪ್ರಯೋಗಗಳಿಂದ ತಿಳಿದುಬಂದಿದೆ. ಹಸಿರು ಹುಲ್ಲಿನ ಮೇಲೆ ಕೆಂಪು ಚೆಂಡೆಸೆದು, ನಾಯಿ ಪಕ್ಕದಲ್ಲೇ ಓಡಿಹೋದಾಗ ಅದನ್ನು ದಡ್ಡ ಎನ್ನಬೇಡಿ.

ಹಗ್ಗ ಜಗ್ಗಾಟದ ಕುರಿತು ನಮ್ಮಲ್ಲಿ ಒಂದು ಭಯ ಬೇರೂರಿದೆ. ನಾಯಿಯನ್ನು ಗೆಲ್ಲಲು ಬಿಟ್ಟರೆ ಅದು ತಲೆಯ ಮೇಲೆ ಕೂರುತ್ತದೆ, ಮನೆಯವರನ್ನೇ ಕಚ್ಚುತ್ತದೆ ಎನ್ನುತ್ತಾರೆ. ನಿಕೋಲಾ ರೂನಿ ಮತ್ತು ಜಾನ್ ಬ್ರ್ಯಾಡ್‌ಷಾ ಎಂಬ ಬ್ರಿಟನ್ನಿನ ಸಂಶೋಧಕರು 14 ಗೋಲ್ಡನ್ ರಿಟ್ರೀವರ್ ನಾಯಿಗಳೊಂದಿಗೆ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಗೆದ್ದ ನಾಯಿಗಳು ಮನುಷ್ಯರ ಮೇಲೆ ದರ್ಪ ತೋರಿಸಲಿಲ್ಲ. ಹಾಗಾಗಿ ಗೆಲ್ಲಲು ಬಿಡಿ, ಗೆದ್ದ ನಾಯಿ ಹಗ್ಗವನ್ನು ತಂದು ಮತ್ತೆ ನಿಮ್ಮ ಕೈಗೇ ಕೊಡುತ್ತದೆ. ಆದರೆ ಎರಡು ಕಟ್ಟುಪಾಡು ಇರಲಿ. "ಬಿಡು" ಎಂದಾಗ ಬಿಡುವುದನ್ನು ಮೊದಲು ಕಲಿಸಿ, ಹಲ್ಲು ಕೈಗೆ ತಾಗಿದರೆ ಅರೆ ನಿಮಿಷ ಆಟ ನಿಲ್ಲಿಸಿ. ಮರಿಗಳಲ್ಲಿ, ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳ ನಡುವೆ, ಜೋರಾಗಿ ಜಗ್ಗಬೇಡಿ.

ತಳಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಬಹಳ ಜನ ಚಂದ ನೋಡಿ ನಾಯಿ ತರುತ್ತಾರೆ, ಅದರ ಪೂರ್ವಜರು ಯಾವ ಕೆಲಸಕ್ಕೆಂದು ಬೆಳೆದರು ಎಂದು ಕೇಳುವುದಿಲ್ಲ. ಮುಧೋಳ ನಾಯಿ ಬಯಲುಸೀಮೆಯ ಬಯಲಿನಲ್ಲಿ ಕಣ್ಣಿನಿಂದ ಬೇಟೆ ಹಿಡಿದು ಅಟ್ಟುವ ನಾಯಿ. ಭಾರತದ ಅಂಚೆ ಇಲಾಖೆ 2005ರಲ್ಲಿ ನಾಲ್ಕು ದೇಶೀ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಆ ನಾಯಿಗೆ ಗುಳಿಯಲ್ಲಿ ಅಡಗಿಸಿದ ಕಾಳಿಗಿಂತ, ಉದ್ದ ಕೋಲಿನ ತುದಿಗೆ ದಾರದಲ್ಲಿ ಕಟ್ಟಿದ ಬಟ್ಟೆಯ ತುಂಡು ನೆಲದ ಮೇಲೆ ಓಡುವುದು ಹೆಚ್ಚು ಇಷ್ಟ. ಬೀಗಲ್ ನೆಲಕ್ಕೆ ಮೂಗು ಹಚ್ಚಿ ಮೊಲದ ಜಾಡು ಹಿಡಿಯಲೆಂದು ಬೆಳೆದದ್ದು, ಮನೆಯ ತುಂಬ ವಾಸನೆಯ ಜಾಡು ಹಾಕಿಕೊಟ್ಟರೆ ಅದಕ್ಕೆ ಬೇರೇನೂ ಬೇಡ. ಲ್ಯಾಬ್ರಡಾರ್ ಬಾಯಲ್ಲಿ ಹಿಡಿದು ತಂದುಕೊಡುವ ನಾಯಿ, ಬೆಳಗಿನ ಪತ್ರಿಕೆಯನ್ನೋ ಚಪ್ಪಲಿಯನ್ನೋ ತರುವ ನಿಜವಾದ ಕೆಲಸ ಕೊಟ್ಟರೆ ಅದರ ಬಾಲದ ಬೀಸೇ ಬೇರೆ. ನಮ್ಮ ನಾಡತಳಿ ಮರಿಗಳನ್ನು ಬೀದಿಯಿಂದ ತಂದು ಸಾಕಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದರು, ಅವರ ಬಗ್ಗೆ ನನಗೆ ಬಹಳ ಗೌರವ. ಆ ನಾಯಿಗಳಿಗೆ ಒಗಟು ಬಿಡಿಸುವ ಆಟವನ್ನು ಬೇಗ ಬೇಗ ಬದಲಿಸುತ್ತಿರಬೇಕು, ಎರಡನೆಯ ದಿನಕ್ಕೇ ಗುಟ್ಟು ತಿಳಿದುಬಿಡುತ್ತವೆ.

ನಮ್ಮ ಬೇಸಿಗೆಯಲ್ಲಿ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಿನಲ್ಲಿ ದಾವಣಗೆರೆಯಲ್ಲೂ ದುರ್ಗದಲ್ಲೂ ಮಧ್ಯಾಹ್ನದ ಬಿಸಿಲು ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದು ಮೈ ತಣಿಸಿಕೊಳ್ಳುವ ಮುಖ್ಯ ದಾರಿ. ಅದರ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅದು 106 ದಾಟಿದರೆ ಜೀವಕ್ಕೆ ಅಪಾಯ. ಚೆಂಡಿನ ಆಟದ ಹುಚ್ಚಿರುವ ನಾಯಿ ತಾನಾಗಿ ನಿಲ್ಲಿಸುವುದಿಲ್ಲ, ನಾವೇ ನಿಲ್ಲಿಸಬೇಕು. ಮೂತಿ ಚಪ್ಪಟೆಯಾಗಿರುವ ಪಗ್‌ನಂಥ ನಾಯಿಗಳನ್ನಂತೂ ಬೇಸಿಗೆಯಲ್ಲಿ ಓಡಿಸಲೇಬಾರದು. ಡಾಂಬರಿನ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಏಳೆಂಟು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಬೇಡ. ಆದ್ದರಿಂದ ಬೇಸಿಗೆಯಲ್ಲಿ ನಡಿಗೆ ಸೂರ್ಯ ಮೇಲೇರುವ ಮೊದಲೇ ಮುಗಿಯಲಿ, ಮಧ್ಯಾಹ್ನದ ಹೊತ್ತಿಗೆ ನೆರಳಿನ ಕೋಣೆಯಲ್ಲಿ ಮೂಗಿನ ಆಟ ಇರಲಿ. ಓಟ ತಪ್ಪಿತಲ್ಲ ಎಂದು ಕೊರಗಬೇಡಿ, ಹುಡುಕಾಟ ನಾಯಿಯನ್ನು ದಣಿಸುವ ಬಗೆಯನ್ನು ಒಮ್ಮೆ ಕಣ್ಣಾರೆ ಕಂಡವರು ಆಮೇಲೆ ಕಿಲೋಮೀಟರಿನ ಲೆಕ್ಕ ಬಿಡುತ್ತಾರೆ.

ಕೆಲವನ್ನು ಆಟಕ್ಕೆ ಕೊಡಲೇಬಾರದು. ಅದರಲ್ಲಿ ಮೊದಲನೆಯದು ನಮ್ಮ ಜಿಲ್ಲೆಯದೇ ವಸ್ತು. ಇಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ, ಸುಟ್ಟ ತೆನೆ ತಿಂದು ಉಳಿದ ದಿಂಡನ್ನು ನಾಯಿಯ ಕಡೆ ಎಸೆಯುವುದು ರೂಢಿ. ನಾಯಿ ಅದನ್ನು ಎರಡು ತುಂಡು ಮಾಡಿ ನುಂಗುತ್ತದೆ. ಅದು ಕರಗುವುದಿಲ್ಲ, ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಕಾಣುವುದೂ ಇಲ್ಲ, ಸಣ್ಣ ಕರುಳಿನಲ್ಲಿ ಬಿರಡೆಯಂತೆ ಕೂರುತ್ತದೆ. ಇಂಥ ಒಂದು ನಾಯಿ ನನ್ನ ಬಳಿ ಎರಡನೆಯ ಸಲ ಬಂದಾಗ ನಾಲ್ಕು ದಿನ ವಾಂತಿಯಾಗಿತ್ತು. ಹೊಟ್ಟೆ ಕೊಯ್ದಾಗ ದಿಂಡು ಸಿಕ್ಕಿತು, ಅದು ಕೂತಿದ್ದ ಜಾಗದ ಕರುಳು ಆಗಲೇ ಕಪ್ಪಗಾಗಿತ್ತು, ನಾಯಿ ಉಳಿಯಲಿಲ್ಲ. ಮೊದಲ ಎರಡು ದಿನ ಅಜೀರ್ಣವೆಂದು ಔಷಧಿ ಕೊಟ್ಟು ಕಳಿಸಿದ್ದವನು ನಾನೇ. ಏನು ನುಂಗಿರಬಹುದೆಂದು ಕೇಳದೆ ಬಿಟ್ಟದ್ದು ನನ್ನ ತಪ್ಪು, ಆ ತಪ್ಪಿನ ಭಾರದಿಂದಲೇ ಇದನ್ನು ಪ್ರತಿ ಸಭೆಯಲ್ಲಿ ಹೇಳುತ್ತೇನೆ. ಬೇಯಿಸಿದ ಮೂಳೆ ಸೀಳಾಗಿ ಚುಚ್ಚುತ್ತದೆ, ಎಸೆದ ಕಟ್ಟಿಗೆ ಗಂಟಲಿಗೆ ನಾಟುತ್ತದೆ, ದವಡೆ ಹಲ್ಲಿನ ಹಿಂದಕ್ಕೆ ಜಾರುವಷ್ಟು ಸಣ್ಣ ಚೆಂಡು ಉಸಿರು ಕಟ್ಟಿಸುತ್ತದೆ. ಟೆನಿಸ್ ಚೆಂಡನ್ನು ಆಡಿದ ಮೇಲೆ ಎತ್ತಿಡಿ, ಗಂಟೆಗಟ್ಟಲೆ ಅಗಿದರೆ ಅದರ ಒರಟು ಮೈ ಹಲ್ಲನ್ನು ಸವೆಸುತ್ತದೆ. ಲೇಸರ್ ದೀಪದ ಚುಕ್ಕೆಯನ್ನು ಗೋಡೆಯ ಮೇಲೆ ಓಡಿಸಿ ನಾಯಿಯನ್ನು ಕುಣಿಸುವುದು ಮೇಲುನೋಟಕ್ಕೆ ಮೋಜು, ಆದರೆ ಎಂದಿಗೂ ಕೈಗೆ ಸಿಗದ ಬೇಟೆಯದು. ಅದರಿಂದ ದೀಪ ಆರಿದ ಮೇಲೂ ನೆರಳು ಬೆಳಕುಗಳ ಹಿಂದೆ ಓಡುವ ಗೀಳು ಹತ್ತಿದ ನಾಯಿಗಳಿವೆ, ಆ ಗೀಳು ಬಿಡಿಸುವುದು ಬಹಳ ಕಷ್ಟ.

ಆಟ ಸಾಕೆಂದು ನಾಯಿ ಹೇಳುವುದನ್ನು ಕೇಳಿಸಿಕೊಳ್ಳಬೇಕು. ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಂತರೆ ಅದು ಆಟಕ್ಕೆ ಕರೆ, ಆಗ ಕೇಳಿಬರುವ ಗುರ್ರೆನ್ನುವಿಕೆಗೆ ಹೆದರಬೇಕಾಗಿಲ್ಲ. ಅದೇ ನಾಯಿ ನಿದ್ದೆ ಬಾರದಿದ್ದರೂ ಆಕಳಿಸಿದರೆ, ಮೂಗು ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ, ಮೈ ಬಿಗಿಹಿಡಿದು ಕಣ್ಣಿನ ಬಿಳುಪು ಕಾಣಿಸಿದರೆ, ಆಟ ಅದಕ್ಕೆ ಭಾರವಾಗಿದೆ. ಒಗಟು ಕಠಿಣವಾಯಿತೆಂದರೆ ಒಂದು ಮೆಟ್ಟಿಲು ಸುಲಭ ಮಾಡಿ, ಸೋಲಿನ ಮೇಲೆ ಆಟ ಮುಗಿಸಬೇಡಿ. ಎರಡು ನಾಯಿಗಳಿರುವ ಮನೆಯಲ್ಲಿ ಆಹಾರದ ಆಟವನ್ನು ಬೇರೆ ಬೇರೆ ಕೋಣೆಯಲ್ಲೇ ಆಡಿಸಿ, ಇದರಲ್ಲಿ ಸಲಿಗೆ ಬೇಡ. ಹೊತ್ತಿನ ಮಟ್ಟಿಗೆ ಹೇಳುವುದಾದರೆ, ಹತ್ತು ಹತ್ತು ನಿಮಿಷದ ಎರಡು ಮೂರು ಆಟಗಳು ದಿನಕ್ಕೆ ಸಾಕು.

ವಯಸ್ಸಾದ ನಾಯಿಗೆ ಇದೆಲ್ಲ ಏಕೆ, ಮಲಗಿರಲಿ ಬಿಡಿ ಎನ್ನುವವರಿದ್ದಾರೆ. ಇದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದವಿದೆ. ಮನುಷ್ಯರಲ್ಲಿ ಮರೆವು ಬರುವಂತೆ ಮುದಿ ನಾಯಿಗಳಲ್ಲೂ ಬರುತ್ತದೆ. ರಾತ್ರಿ ಸುಮ್ಮನೆ ಅಲೆಯುತ್ತವೆ, ಬಾಗಿಲಿನ ತಿರುಗಣಿಯ ಕಡೆ ನಿಂತು ತೆರೆಯಲೆಂದು ಕಾಯುತ್ತವೆ, ಮನೆಯವರ ಗುರುತು ತಪ್ಪುತ್ತವೆ. ಕೆನಡಾದ ಟೊರಾಂಟೊದ ನಾರ್ಟನ್ ಮಿಲ್‌ಗ್ರಾಂ ಮತ್ತು ಅವರ ಸಂಗಡಿಗರು ಮುದಿ ಬೀಗಲ್ ನಾಯಿಗಳನ್ನು ಎರಡು ವರ್ಷ ಗಮನಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿಕೆಯ ಆಟ, ಆಟಿಕೆ, ಜೊತೆಗೊಂದು ನಾಯಿ ಮತ್ತು ನಡಿಗೆ ಸಿಕ್ಕಿದ ನಾಯಿಗಳೂ, ಪೋಷಕಾಂಶ ಸೇರಿಸಿದ ಆಹಾರ ತಿಂದ ನಾಯಿಗಳೂ ಕಲಿಯುವ ಶಕ್ತಿಯನ್ನು ಉಳಿಸಿಕೊಂಡವು, ಎರಡೂ ಸಿಕ್ಕಿದವು ಎಲ್ಲಕ್ಕಿಂತ ಚೆನ್ನಾಗಿ ಉಳಿಸಿಕೊಂಡವು.

ಚಿತ್ರದುರ್ಗದಲ್ಲಿ, ಕೋಟೆಯ ಕಡೆಗೆ ಹೋಗುವ ಓಣಿಯೊಂದರಲ್ಲಿ, ನನಗೆ ಪರಿಚಯದ ಹಿರಿಯ ದಂಪತಿಯ ಮನೆಯಲ್ಲಿ ಹದಿಮೂರು ವರ್ಷದ ಬಿಳಿ ಪೊಮೇರಿಯನ್ ಇದೆ. ಎರಡೂ ಕಣ್ಣಿಗೆ ಪೊರೆ ಬಂದು ಕಾಣುವುದಿಲ್ಲ, ಕಿವಿಯೂ ಮಂದ. ಸಂಜೆ ಐದಕ್ಕೆ ಆ ಅಜ್ಜಿ ಮೂರು ಸ್ಟೀಲಿನ ಲೋಟಗಳನ್ನು ಚಾಪೆಯ ಮೇಲೆ ಬೋರಲು ಹಾಕಿ, ಒಂದರ ಕೆಳಗೆ ಬೇಯಿಸಿದ ಮೊಟ್ಟೆಯ ಚೂರಿಟ್ಟು, ನಾಯಿಯ ಹೆಗಲನ್ನು ಎರಡು ಬೆರಳಿನಿಂದ ತಟ್ಟುತ್ತಾರೆ. ಅದು ಎದ್ದು, ಮೂಗನ್ನು ಚಾಪೆಗೆ ತಾಗಿಸಿ, ನಿಧಾನವಾಗಿ ಮೊದಲ ಲೋಟದ ಸುತ್ತ ಬರುತ್ತದೆ, ಎರಡನೆಯದರ ಸುತ್ತ ಬರುತ್ತದೆ, ಮೂರನೆಯದರ ಬಳಿ ನಿಂತು ಕಾಲಿನಿಂದ ಒಮ್ಮೆ ತಟ್ಟುತ್ತದೆ. ಲೋಟ ಉರುಳಿದ ಸದ್ದು ಅದಕ್ಕೆ ಕೇಳುವುದಿಲ್ಲ, ಮೊಟ್ಟೆ ಮಾತ್ರ ಸಿಗುತ್ತದೆ. ನಾನು ಹೋದ ದಿನ ಅಜ್ಜಿ ಲೋಟಗಳ ಜಾಗ ಬದಲಿಸಿ ಇನ್ನೊಂದು ಚೂರಿಟ್ಟರು, ನಾಯಿ ಬಾಲ ಅಲ್ಲಾಡಿಸುತ್ತಾ ಮತ್ತೆ ಮೊದಲ ಲೋಟದಿಂದ ಶುರುಮಾಡಿತು.